ಹಳೆ ಕಂಪ್ಯೂಟರಿಗೆ ಐಪಿ ಅಡ್ರೆಸ್ ತಡವಾಗಿ ಸಿಗುತ್ತಿದೆಯೇ? ಮೊದಲು ಸೆಕೆಂಡು ಎಣಿಸಿ

ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ರೈಸ್ ಮಿಲ್ಲಿನ ವೇಬ್ರಿಡ್ಜ್ ಕೋಣೆಗೆ ಹೋದರೆ, ರಾಯಚೂರಿನ ಹಳೆ ಜಿನ್ನಿಂಗ್ ಫ್ಯಾಕ್ಟರಿಯ ಗೇಟಿನ ಪಕ್ಕ ಇಣುಕಿದರೆ, ವಿಂಡೋಸ್ 98 ಓಡಿಸುವ ದಪ್ಪ ಮಾನಿಟರಿನ ಕಂಪ್ಯೂಟರ್ ಕಂಡರೂ ಆಶ್ಚರ್ಯಪಡಬೇಕಿಲ್ಲ. ತೂಕದ ಇಂಡಿಕೇಟರ್ ಸೀರಿಯಲ್ ಪೋರ್ಟಿಗೆ ಬಿಗಿದಿರುತ್ತದೆ, ಬಿಲ್ಲು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಬರುತ್ತದೆ, ಸಾಫ್ಟ್‌ವೇರ್ ಬರೆದುಕೊಟ್ಟವರು ಊರಲ್ಲಿ ಇಲ್ಲ. ಅದನ್ನು ಬದಲಿಸುವ ಧೈರ್ಯ ಯಾರಿಗೂ ಇರುವುದಿಲ್ಲ, ಬದಲಿಸುವ ಅಗತ್ಯವೂ ಇಲ್ಲ. ತೊಂದರೆ ಶುರುವಾಗುವುದು ಅದನ್ನು ಆಫೀಸಿನ ನೆಟ್‌ವರ್ಕಿಗೆ ಸೇರಿಸಿದಾಗ. ಬೆಳಿಗ್ಗೆ ಆನ್ ಮಾಡಿದರೆ ಡೆಸ್ಕ್‌ಟಾಪ್ ಬರುತ್ತದೆ, ಮರಳು ಗಡಿಯಾರ ಹಾಗೇ ನಿಂತುಬಿಡುತ್ತದೆ. ಹೊರಗೆ ಲಾರಿ ಹಾರ್ನ್ ಹೊಡೆಯುತ್ತಿರುತ್ತದೆ, ಒಳಗೆ ಐಪಿ ಅಡ್ರೆಸ್, ಅಂದರೆ ನೆಟ್‌ವರ್ಕಿನಲ್ಲಿ ಕಂಪ್ಯೂಟರನ್ನು ಗುರುತಿಸುವ ಸಂಖ್ಯೆ, ಬಂದಿರುವುದಿಲ್ಲ.

"ಹಳೇದು, ನಿಧಾನಾನೇ ಇರೋದು" ಎಂದು ಬಿಟ್ಟುಬಿಡುವುದು ವಾಡಿಕೆ. ಆದರೆ ಅಡ್ರೆಸ್ ಕೇಳುವ ಕೆಲಸಕ್ಕೆ ಪ್ರೊಸೆಸರಿನ ವೇಗ ಬೇಕಾಗಿಲ್ಲ. 486 ಯಂತ್ರವೂ ಒಂದೆರಡು ಸೆಕೆಂಡಿನಲ್ಲಿ ಅಡ್ರೆಸ್ ಪಡೆಯಬಲ್ಲದು. ತಡವಾಗುತ್ತಿದ್ದರೆ ಯಾವುದೋ ಒಂದು ಪ್ಯಾಕೆಟ್ (ನೆಟ್‌ವರ್ಕಿನಲ್ಲಿ ಹೋಗುವ ಮಾಹಿತಿಯ ತುಣುಕು) ದಾರಿಯಲ್ಲಿ ಕಳೆದುಹೋಗುತ್ತಿದೆ, ಇಲ್ಲವೇ ಉತ್ತರವೇ ಬರುತ್ತಿಲ್ಲ ಎಂದೇ ಅರ್ಥ. ಯಾವುದು, ಎಲ್ಲಿ ಎಂಬುದನ್ನು ಬಹುಪಾಲು ಸಲ ಕೈಗಡಿಯಾರವೇ ಹೇಳಿಬಿಡುತ್ತದೆ.

ಆ ಸೆಕೆಂಡುಗಳಲ್ಲಿ ಏನು ನಡೆಯುತ್ತದೆ

ಅಡ್ರೆಸ್ ಕೇಳಿ ಪಡೆಯುವ ಈ ವಿಧಾನದ ಹೆಸರು ಡಿಎಚ್‌ಸಿಪಿ. ಅದು ನಾಲ್ಕು ಮಾತಿನ ವ್ಯವಹಾರ. ಕಂಪ್ಯೂಟರ್ "ಅಡ್ರೆಸ್ ಕೊಡುವವರು ಯಾರಿದ್ದೀರಿ?" ಎಂದು ಇಡೀ ನೆಟ್‌ವರ್ಕಿಗೆ ಕೂಗುತ್ತದೆ, ಇದು ಡಿಸ್ಕವರ್. ರೂಟರ್ "ಇದನ್ನು ತಗೋ" ಎನ್ನುತ್ತದೆ, ಇದು ಆಫರ್. "ಸರಿ, ಅದನ್ನೇ ಕೊಡು" ಎಂಬುದು ರಿಕ್ವೆಸ್ಟ್. "ಕೊಟ್ಟೆ, ಇಷ್ಟು ಹೊತ್ತು ಇಟ್ಟುಕೋ" ಎಂಬುದು ಅಕ್. ಕೂಗುವಾಗ ಕಂಪ್ಯೂಟರಿಗೆ ಇನ್ನೂ ಸ್ವಂತ ಅಡ್ರೆಸ್ ಇಲ್ಲ, ಹಾಗಾಗಿ ಕಳಿಸಿದವರ ಜಾಗದಲ್ಲಿ 0.0.0.0, ತಲುಪಬೇಕಾದವರ ಜಾಗದಲ್ಲಿ 255.255.255.255 ಇರುತ್ತದೆ. ಈ ಮಾತುಕತೆ ನಡೆಯುವುದು ಯುಡಿಪಿ ಎಂಬ ಸಾಗಣೆ ವಿಧಾನದಲ್ಲಿ; ಅದರ ಪೋರ್ಟು ಸಂಖ್ಯೆ ರೂಟರಿನ ಕಡೆ 67, ಕಂಪ್ಯೂಟರಿನ ಕಡೆ 68.

ಯುಡಿಪಿಯಲ್ಲಿ ಪ್ಯಾಕೆಟ್ ಕಳೆದುಹೋದರೆ ಯಾರೂ ಹೇಳುವುದಿಲ್ಲ. ಉತ್ತರ ಬಾರದಿದ್ದರೆ ಕಂಪ್ಯೂಟರ್ ಕಾದು ಮತ್ತೆ ಕೂಗಬೇಕು. 1997ರ ಡಿಎಚ್‌ಸಿಪಿ ನಿಯಮಾವಳಿ ಹೇಳುವ ಪ್ರಕಾರ ಮೊದಲ ಕಾಯುವಿಕೆ 4 ಸೆಕೆಂಡು, ಆಮೇಲೆ 8, 16, 32, ಹೀಗೆ ದುಪ್ಪಟ್ಟು. ಪ್ರತಿ ಸಲ ಒಂದು ಸೆಕೆಂಡು ಆಚೀಚೆ. ಅಂದರೆ ಕೂಗುಗಳು ಬೀಳುವುದು 0, 4, 12, 28, 60ನೇ ಸೆಕೆಂಡಿಗೆ. ಪ್ರತಿ ಆಪರೇಟಿಂಗ್ ಸಿಸ್ಟಮ್ ಇದನ್ನು ಅಕ್ಷರಶಃ ಪಾಲಿಸುವುದಿಲ್ಲ, ಆದರೆ ಕಾಯುವಿಕೆ ಬೆಳೆಯುತ್ತಾ ಹೋಗುವ ಗುಣ ಬಹುತೇಕ ಎಲ್ಲದರಲ್ಲೂ ಇದೆ.

ಇದರ ಪರಿಣಾಮ ನೋಡಿ. ನೆಟ್‌ವರ್ಕ್ ಸ್ವಿಚ್ಚು (ಹಲವು ನೆಟ್‌ವರ್ಕ್ ವೈರುಗಳನ್ನು ಒಂದೆಡೆ ಸೇರಿಸುವ ಡಬ್ಬಿ) ಮೊದಲ 30 ಸೆಕೆಂಡು ಯಾವುದನ್ನೂ ದಾಟಿಸಲಿಲ್ಲ ಎಂದುಕೊಳ್ಳಿ. 0, 4, 12, 28 ಈ ನಾಲ್ಕೂ ಕೂಗು ವ್ಯರ್ಥ. 30ನೇ ಸೆಕೆಂಡಿಗೆ ದಾರಿ ತೆರೆದರೂ ಕಂಪ್ಯೂಟರ್ ಮುಂದಿನ ಸಲ ಬಾಯಿ ತೆರೆಯುವುದು 60ನೇ ಸೆಕೆಂಡಿಗೆ. ಅಡ್ಡಿ ಅರ್ಧ ನಿಮಿಷದ್ದು, ತಡ ಒಂದು ನಿಮಿಷದ್ದು. ತೊಂದರೆ ಮುಗಿದ ಮೇಲೂ ಕಾಯುವಂತೆ ಮಾಡುವ ಈ ಗುಣದಿಂದಲೇ ಹಲವರು ದಾರಿ ತಪ್ಪುತ್ತಾರೆ.

ಎರಡು ಅಳತೆ ತೆಗೆದುಕೊಳ್ಳಿ

ಮೊಬೈಲಿನ ಸ್ಟಾಪ್‌ವಾಚ್ ಸಾಕು.

1. ಕಂಪ್ಯೂಟರನ್ನು ಪೂರ್ತಿ ಆಫ್ ಮಾಡಿ, ರೂಟರ್ ಮತ್ತು ಸ್ವಿಚ್ಚು ಆನ್ ಆಗಿಯೇ ಇರಲಿ. ಐದು ನಿಮಿಷ ಬಿಟ್ಟು ಆನ್ ಮಾಡಿ. ಡೆಸ್ಕ್‌ಟಾಪ್ ಕಂಡ ಕ್ಷಣದಿಂದ ಅಡ್ರೆಸ್ ಸಿಗುವವರೆಗೆ ಎಷ್ಟು ಸೆಕೆಂಡು ಬರೆದುಕೊಳ್ಳಿ.

2. ಈಗ ಯಂತ್ರ ಓಡುತ್ತಿರುವಾಗಲೇ ಅಡ್ರೆಸ್ ಬಿಟ್ಟು ಮತ್ತೆ ಕೇಳಿ. ವಿಂಡೋಸ್ 95 ಮತ್ತು 98ರಲ್ಲಿ ಸ್ಟಾರ್ಟ್, ರನ್ ಒತ್ತಿ ವಿನ್‌ಐಪಿಸಿಎಫ್‌ಜಿ ಎಂದು ಕೊಡಿ (ಡಬ್ಲ್ಯೂ-ಐ-ಎನ್-ಐ-ಪಿ-ಸಿ-ಎಫ್-ಜಿ, ನಡುವೆ ಜಾಗವಿಲ್ಲ). ತೆರೆದ ಕಿಟಕಿಯಲ್ಲಿ ರಿಲೀಸ್ ಒತ್ತಿ, ಆಮೇಲೆ ರಿನ್ಯೂ. ವಿಂಡೋಸ್ 2000 ಮತ್ತು ಎಕ್ಸ್‌ಪಿಯಲ್ಲಿ ಕಮಾಂಡ್ ಪ್ರಾಂಪ್ಟಿಗೆ ಹೋಗಿ ಐಪಿಕಾನ್ಫಿಗ್ ಜೊತೆ ರಿಲೀಸ್, ನಂತರ ರಿನ್ಯೂ.

ವಿನ್‌ಐಪಿಸಿಎಫ್‌ಜಿಯಲ್ಲಿ ಒಂದು ಹಳ್ಳ ಇದೆ. ತೆರೆದ ಕೂಡಲೇ ಮೇಲಿನ ಪಟ್ಟಿಯಲ್ಲಿ ಲ್ಯಾನ್ ಕಾರ್ಡಿನ (ನೆಟ್‌ವರ್ಕ್ ವೈರು ಸಿಕ್ಕಿಸುವ ಕಾರ್ಡು) ಬದಲು ಪಿಪಿಪಿ ಅಡಾಪ್ಟರ್ ಕಾಣಬಹುದು. ಅದು ಹಳೆ ಮೋಡೆಮ್ ಡಯಲ್-ಅಪ್‌ಗೆ ಇರುವುದು. ಅದರ ಅಡಾಪ್ಟರ್ ಅಡ್ರೆಸ್ ಯಾವಾಗಲೂ 44-45-53-54-00-00. ಅದರ ಮೇಲೆ ನೂರು ಸಲ ರಿನ್ಯೂ ಒತ್ತಿದರೂ ಏನೂ ಆಗದು. ಪಟ್ಟಿ ಇಳಿಸಿ ಕಾರ್ಡಿನ ಹೆಸರು ಆರಿಸಿ.

ಆನ್ ಮಾಡಿದಾಗ ತಡ, ರಿನ್ಯೂ ಒತ್ತಿದರೆ ಥಟ್ಟನೆ ಬಂತು ಎಂದರೆ ಕಾರ್ಡೂ ವೈರೂ ರೂಟರೂ ಸರಿಯಿವೆ. ಲಿಂಕ್ (ವೈರಿನ ಎರಡು ತುದಿಯ ನಡುವಿನ ಸಂಪರ್ಕ) ಏಳುವ ಹೊತ್ತಿನಲ್ಲಿ ಏನೋ ಅಡ್ಡಿ ಇದೆ. ಎರಡೂ ಸಲ ತಡವಾದರೆ ವೈರು, ಕಾರ್ಡು, ಇಲ್ಲವೇ ರೂಟರಿನ ಡಿಎಚ್‌ಸಿಪಿ. ಒಂದು ದಿನ ಬೇಗ, ಒಂದು ದಿನ ಬರುವುದೇ ಇಲ್ಲ ಎಂದರೆ ಮೊದಲು ವೈರಿನ ತುದಿ ನೋಡಿ. ಯಂತ್ರಕ್ಕೆ 169.254ರಿಂದ ಶುರುವಾಗುವ ಅಡ್ರೆಸ್ ಬಂದಿದ್ದರೆ ಅದನ್ನು ರೂಟರ್ ಕೊಟ್ಟಿಲ್ಲ. ಕೂಗಿ ಸಾಕಾದ ವಿಂಡೋಸ್ ತಾನೇ ಒಂದನ್ನು ಹಾಕಿಕೊಂಡಿದೆ. ವಿಂಡೋಸ್ 98ರಿಂದ ಈ ಅಭ್ಯಾಸ ಬಂತು. 95 ಹಾಗೆ ಮಾಡುವುದಿಲ್ಲ, 0.0.0.0 ಎಂದು ಖಾಲಿ ತೋರಿಸುತ್ತದೆ.

ಕರೆಂಟ್ ಹೋಗಿ ಬಂದಾಗ ಮಾತ್ರ ತೊಂದರೆಯೇ?

ನಮ್ಮ ಕಡೆ ಇದನ್ನೇ ಮೊದಲು ಕೇಳಬೇಕು. ಕರೆಂಟ್ ವಾಪಸು ಬಂದಾಗ ಎಲ್ಲವೂ ಒಟ್ಟಿಗೆ ಏಳುತ್ತವೆ. ವಿಂಡೋಸ್ 98 ಒಂದು ನಿಮಿಷದೊಳಗೆ ಎದ್ದು ಅಡ್ರೆಸ್ ಕೇಳತೊಡಗುತ್ತದೆ. ಫೈಬರಿನ ಡಬ್ಬಿ ಮತ್ತು ವೈಫೈ ರೂಟರ್ ಪೂರ್ತಿ ತಯಾರಾಗಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಕೇಳುವವನು ಮೊದಲು ಬಂದ, ಕೊಡುವವನು ಇನ್ನೂ ಬಾಗಿಲು ತೆಗೆದಿಲ್ಲ. ಫಲ 169.254.

ವಿಚಿತ್ರವೆಂದರೆ ಹೊಸ ಕಂಪ್ಯೂಟರುಗಳಿಗೂ ಇದೇ ಆಗುತ್ತದೆ. ಅವು ಹಿನ್ನೆಲೆಯಲ್ಲಿ ಮತ್ತೆ ಮತ್ತೆ ಕೇಳಿ ಸರಿಮಾಡಿಕೊಳ್ಳುವುದರಿಂದ ಯಾರ ಕಣ್ಣಿಗೂ ಬೀಳದು. ವಿಂಡೋಸ್ 98 ಕೂಡ ಕೆಲವು ನಿಮಿಷಕ್ಕೊಮ್ಮೆ ಕೇಳುತ್ತದೆ, ಆದರೆ ಅಷ್ಟರಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಸರ್ವರ್ ಸಿಗಲಿಲ್ಲ ಎಂದು ಮುಚ್ಚಿಕೊಂಡಿರುತ್ತದೆ.

ಪರಿಹಾರ ಸರಳ. ರೂಟರ್ ಮತ್ತು ಫೈಬರಿನ ಡಬ್ಬಿಗೆ ಸಣ್ಣ 12 ವೋಲ್ಟಿನ ಡಿಸಿ ಯುಪಿಎಸ್ ಹಾಕಿ. ಕೊಳ್ಳುವ ಮುನ್ನ ಎರಡೂ ಅಡಾಪ್ಟರಿನ ಮೇಲೆ ಬರೆದಿರುವ ವೋಲ್ಟು ಮತ್ತು ಆಂಪಿಯರ್ ಓದಿ, 12 ವೋಲ್ಟೇ ಇದೆಯೇ ಎಂದು ನೋಡಿ, ಆಂಪಿಯರುಗಳನ್ನು ಕೂಡಿಸಿ. 9 ವೋಲ್ಟಿನದಕ್ಕೆ 12 ಕೊಟ್ಟರೆ ಸುಡುತ್ತದೆ. ನಡುವೆ ಸ್ವಿಚ್ಚು ಇದ್ದರೆ ಅದನ್ನೂ ಯುಪಿಎಸ್ಸಿಗೆ ಸೇರಿಸುವುದನ್ನು ಮರೆಯಬೇಡಿ, ಮರೆಯುವುದು ಅದನ್ನೇ.

ಯುಪಿಎಸ್ ಬೇಡ ಎಂದರೆ ಬಯಾಸಿನಲ್ಲಿ (ಕಂಪ್ಯೂಟರಿನ ಮೂಲ ಸೆಟ್ಟಿಂಗುಗಳ ಜಾಗ) ಕರೆಂಟ್ ಬಂದಾಗ ತಾನೇ ಆನ್ ಆಗುವ ಸೆಟ್ಟಿಂಗ್ ತೆಗೆದು, ರೂಟರಿನ ದೀಪ ನಿಂತ ಮೇಲೆ ಕೈಯಿಂದ ಆನ್ ಮಾಡಿ. ಇನ್ನೊಂದು ದಾರಿ ಸ್ಟಾರ್ಟಪ್ ಫೋಲ್ಡರಿನಲ್ಲಿ ಸಣ್ಣ ಬ್ಯಾಚ್ ಫೈಲು (ಕಮಾಂಡುಗಳನ್ನು ಸಾಲಾಗಿ ಬರೆದಿಟ್ಟ ಫೈಲು). ವಿಂಡೋಸ್ 98ರಲ್ಲಿ ಚಾಯ್ಸ್ ಕಮಾಂಡಿಗೆ 90 ಸೆಕೆಂಡಿನ ಗಡುವು ಕೊಟ್ಟರೆ ಅಷ್ಟು ಹೊತ್ತು ಸುಮ್ಮನೆ ಕಾಯುತ್ತದೆ (ಗರಿಷ್ಠ 99). ಅದರ ಕೆಳಗಿನ ಸಾಲಿನಲ್ಲಿ ಐಪಿಕಾನ್ಫಿಗ್ ಜೊತೆ ರಿನ್ಯೂ-ಆಲ್ (ಎರಡು ಪದದ ನಡುವೆ ಅಂಡರ್‌ಸ್ಕೋರ್), ಮೂರನೇ ಸಾಲಿನಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್.

ಸರಿಯಾಗಿ ಅರ್ಧ ನಿಮಿಷ ಅಥವಾ ಒಂದು ನಿಮಿಷ: ಸ್ವಿಚ್ಚಿನ ಕಾಯುವಿಕೆ

ಕಾರ್ಖಾನೆ, ಕಾಲೇಜು, ದೊಡ್ಡ ಆಫೀಸುಗಳಲ್ಲಿ ಮ್ಯಾನೇಜ್ಡ್ ಸ್ವಿಚ್ಚು (ಪಾಸ್‌ವರ್ಡ್ ಕೊಟ್ಟು ಸೆಟ್ಟಿಂಗ್ ಬದಲಿಸಬಹುದಾದ ಸ್ವಿಚ್ಚು) ಇರುತ್ತದೆ. ಅದರಲ್ಲಿ ಸ್ಪ್ಯಾನಿಂಗ್ ಟ್ರೀ ಚಾಲೂ ಇದ್ದರೆ, ಯಾವುದೇ ಪೋರ್ಟಿಗೆ ವೈರು ಸಿಕ್ಕಿಸಿದ ಮೇಲೆ 15 ಸೆಕೆಂಡು ಕೇಳಿಸಿಕೊಳ್ಳುತ್ತದೆ, ಇನ್ನು 15 ಸೆಕೆಂಡು ಕಲಿಯುತ್ತದೆ, ಆಮೇಲೆ ಪ್ಯಾಕೆಟ್ ದಾಟಿಸುತ್ತದೆ. ನೆಟ್‌ವರ್ಕ್ ಸುತ್ತು ಬೀಳದಂತೆ ಕಾಯುವ ವ್ಯವಸ್ಥೆ ಇದು. ದೀಪ ಹಸಿರಾಗಿ ಉರಿಯುತ್ತಿರುತ್ತದೆ, ಒಳಗೆ ಒಂದು ಪ್ಯಾಕೆಟ್ಟೂ ಅಲ್ಲಾಡುತ್ತಿರುವುದಿಲ್ಲ.

"ಕಂಪ್ಯೂಟರ್ ಆನ್ ಆಗಿ ಒಂದು ನಿಮಿಷ ಆಗಿತ್ತಲ್ಲ, ಅಷ್ಟರಲ್ಲಿ 30 ಸೆಕೆಂಡು ಕಳೆದಿರಬೇಕಲ್ಲ" ಎಂದು ಕೇಳಬಹುದು. ಕಳೆದಿರುತ್ತದೆ. ಆದರೆ ವಿಂಡೋಸ್ ಲ್ಯಾನ್ ಕಾರ್ಡಿನ ಡ್ರೈವರ್ ಹತ್ತಿಸುವಾಗ ಕಾರ್ಡನ್ನು ರೀಸೆಟ್ ಮಾಡುತ್ತದೆ. ಲಿಂಕ್ ಒಂದು ಕ್ಷಣ ಬಿದ್ದು ಏಳುತ್ತದೆ. ಸ್ವಿಚ್ಚು ಅದನ್ನು ಹೊಸ ವೈರು ಎಂದೇ ತಿಳಿದು ಎಣಿಕೆ ಮೊದಲಿನಿಂದ ಶುರು ಮಾಡುತ್ತದೆ. ಕಾರ್ಡಿನ ಹಿಂದಿನ ದೀಪವನ್ನೇ ನೋಡುತ್ತಾ ಕುಳಿತರೆ ವಿಂಡೋಸಿನ ಚಿತ್ರ ಬರುವ ಹೊತ್ತಿಗೆ ಅದು ಆರಿ ಹತ್ತುವುದು ಕಾಣುತ್ತದೆ.

ಸ್ವಿಚ್ಚಿನ ಪಾಸ್‌ವರ್ಡ್ ನಿಮ್ಮ ಕೈಯಲ್ಲಿದ್ದರೆ ಆ ಒಂದು ಪೋರ್ಟನ್ನು ಎಡ್ಜ್ ಪೋರ್ಟ್ (ಈ ಕಾಯುವಿಕೆ ಇಲ್ಲದ ಪೋರ್ಟು) ಮಾಡಿ; ಸಿಸ್ಕೊ ಸ್ವಿಚ್ಚುಗಳಲ್ಲಿ ಇದರ ಹೆಸರು ಪೋರ್ಟ್‌ಫಾಸ್ಟ್. ಸ್ಪ್ಯಾನಿಂಗ್ ಟ್ರೀಯನ್ನೇ ಪೂರ್ತಿ ಆಫ್ ಮಾಡಬೇಡಿ, ಯಾರೋ ಒಂದು ವೈರಿನ ಎರಡೂ ತುದಿ ಅದೇ ಸ್ವಿಚ್ಚಿಗೆ ಸಿಕ್ಕಿಸಿದ ದಿನ ಇಡೀ ಆಫೀಸು ನಿಲ್ಲುತ್ತದೆ.

ಪಾಸ್‌ವರ್ಡ್ ಇಲ್ಲದಿದ್ದರೆ ಸುಲಭ ಉಪಾಯ: ಹಳೆ ಕಂಪ್ಯೂಟರಿಗೂ ದೊಡ್ಡ ಸ್ವಿಚ್ಚಿಗೂ ನಡುವೆ ಐದು ಪೋರ್ಟಿನ ಸಾದಾ 10/100 ಸ್ವಿಚ್ಚು ಇಡಿ, ಅದನ್ನು ಸದಾ ಆನ್ ಇಡಿ. ಆಗ ಕಂಪ್ಯೂಟರ್ ಆನ್-ಆಫ್ ಆದರೂ ದೊಡ್ಡ ಸ್ವಿಚ್ಚಿನ ಕಡೆಯ ಲಿಂಕ್ ಬೀಳುವುದಿಲ್ಲ, ಎಣಿಕೆ ಮತ್ತೆ ಶುರುವಾಗುವುದಿಲ್ಲ. ಇದೇ ಸಣ್ಣ ಸ್ವಿಚ್ಚು ಇನ್ನೊಂದು ಕಾಯಿಲೆಗೂ ಮದ್ದು. ಹಳೆ ಎನ್‌ಇ2000 ಮಾದರಿಯ ಕಾರ್ಡು, ರಿಯಲ್‌ಟೆಕ್ 8029, ಥ್ರೀಕಾಮ್ 3ಸಿ509 ಇವೆಲ್ಲ 10 ಎಂಬಿಪಿಎಸ್ ಮಾತ್ರ ಬಲ್ಲವು. ಇತ್ತೀಚಿನ 2.5 ಗಿಗಾಬಿಟ್ ಪೋರ್ಟುಗಳಲ್ಲಿ ಹಲವಕ್ಕೆ 10ರ ವೇಗವೇ ಗೊತ್ತಿಲ್ಲ. ಲಿಂಕ್ ದೀಪ ಹತ್ತುವುದೇ ಇಲ್ಲ. ಹೊಸ ರೂಟರ್ ತಂದ ಮರುದಿನವೇ ಹಳೆ ಯಂತ್ರ ಸತ್ತಂತೆ ಕಂಡರೆ ಇದನ್ನೇ ಅನುಮಾನಿಸಿ.

ಕೈಯಿಂದ ಅಡ್ರೆಸ್ ಕೊಟ್ಟು ನೋಡಿ

ಎರಡೂ ಅಳತೆಯಲ್ಲಿ ತಡವಾಗಿದ್ದರೆ ಡಿಎಚ್‌ಸಿಪಿಯನ್ನು ಬದಿಗಿಟ್ಟು ಮಿಕ್ಕದ್ದನ್ನು ಪರೀಕ್ಷಿಸಬೇಕು. ಮೊಬೈಲಿನ ವೈಫೈ ವಿವರದಲ್ಲಿ ಗೇಟ್‌ವೇ (ರೂಟರಿನ ಅಡ್ರೆಸ್) ಎಷ್ಟೆಂದು ನೋಡಿ, 192.168.1.1 ಎಂದಿಟ್ಟುಕೊಳ್ಳಿ. ಹಳೆ ಕಂಪ್ಯೂಟರಿಗೆ 192.168.1.20, ಮಾಸ್ಕ್ 255.255.255.0 ಕೊಡಿ. ವಿಂಡೋಸ್ 98ರಲ್ಲಿ ಕಂಟ್ರೋಲ್ ಪ್ಯಾನೆಲ್, ನೆಟ್‌ವರ್ಕ್, ಅಲ್ಲಿ ನಿಮ್ಮ ಲ್ಯಾನ್ ಕಾರ್ಡಿನ ಹೆಸರಿನ ಮುಂದಿರುವ ಟಿಸಿಪಿ/ಐಪಿ, ಪ್ರಾಪರ್ಟೀಸ್. ಓಕೆ ಒತ್ತಿದಾಗ ವಿಂಡೋಸ್ ಸಿಡಿ ಕೇಳಬಹುದು, ಆಮೇಲೆ ರೀಸ್ಟಾರ್ಟ್. ಸಿಡಿಯಲ್ಲಿನ ವಿನ್98 ಫೋಲ್ಡರನ್ನು ಮೊದಲೇ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿಟ್ಟುಕೊಂಡರೆ ಪ್ರತಿ ಸಲ ಸಿಡಿ ಹುಡುಕುವುದು ತಪ್ಪುತ್ತದೆ.

ಈಗ ರೂಟರಿಗೆ ಪಿಂಗ್ ಮಾಡಿ, ಅಂದರೆ ಪ್ಯಾಕೆಟ್ ಕಳಿಸಿ ಅದು ವಾಪಸು ಬರುತ್ತದೆಯೇ ನೋಡಿ. ನಾಲ್ಕು ಪಿಂಗ್ ಸಾಲದು, ನೂರು ಕಳಿಸಿ, ಗಾತ್ರ 1400 ಬೈಟು ಇಡಿ. ನೂರಕ್ಕೆ ನೂರು ವಾಪಸು ಬಂದರೆ ವೈರು ಚೆನ್ನಾಗಿದೆ. ಎರಡು ಮೂರು ಕಳೆದುಹೋದರೂ ವೈರಿನ ಕಡೆ ಹೋಗಿ. ಆಮೇಲೆ ಬೇರೆ ಕಂಪ್ಯೂಟರಿನಿಂದ ಈ ಹಳೆಯದಕ್ಕೆ ಪಿಂಗ್ ಮಾಡಿ. ಮಾಡುವ ಮುನ್ನ ಆ ಕಂಪ್ಯೂಟರಿನ ಎಆರ್‌ಪಿ ಪಟ್ಟಿ (ಯಾವ ಐಪಿ ಅಡ್ರೆಸ್ ಯಾವ ಕಾರ್ಡಿನದು ಎಂಬ ಪಟ್ಟಿ) ಅಳಿಸಿ. ಎಆರ್‌ಪಿ ಪ್ರಶ್ನೆ ಬ್ರಾಡ್‌ಕಾಸ್ಟ್ ಆಗಿ (ಎಲ್ಲರಿಗೂ ಕೂಗಿದಂತೆ) ಬರುವುದರಿಂದ, ಹಳೆ ಕಾರ್ಡು ಬ್ರಾಡ್‌ಕಾಸ್ಟ್ ಕೇಳಿಸಿಕೊಳ್ಳುತ್ತಿದೆಯೇ ಎಂಬುದೂ ಇದರಲ್ಲೇ ತಿಳಿಯುತ್ತದೆ.

ವೈರು

ಮಿಲ್ಲಿನಲ್ಲಿ ಇಲಿ, ಜಿನ್ನಿಂಗಿನಲ್ಲಿ ಹತ್ತಿಯ ನವಿರು, ಸಂಡೂರು ಕಡೆ ಅದಿರಿನ ಕೆಂಪು ದೂಳು. ವೈರಿನ ತುದಿಯ ಜಾಕಿಗೆ ಇವೆಲ್ಲ ವೈರಿಗಳೇ. ಅನುಮಾನ ಬಂದರೆ ತುದಿ ಕತ್ತರಿಸಿ ಹೊಸ ಆರ್‌ಜೆ-45 ಕ್ರಿಂಪ್ ಮಾಡಿ. ಕ್ಲಿಪ್ ಕೆಳಗೆ, ವೈರು ನಿಮ್ಮತ್ತ, ಚಿನ್ನದ ಬಣ್ಣದ ಪಿನ್ನು ಮೇಲೆ ಕಾಣುವಂತೆ ಹಿಡಿದರೆ ಎಡದಿಂದ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. 10 ಮತ್ತು 100ರ ವೇಗಕ್ಕೆ ಬಳಕೆಯಾಗುವುದು 1, 2, 3, 6 ಪಿನ್ನು ಮಾತ್ರ.

ಇಲ್ಲೊಂದು ಮೋಸ ಇದೆ. ಕೆಲವರು ಜೋಡಿಗಳನ್ನು ಸಾಲಾಗಿ, ಅಂದರೆ 1-2, 3-4, 5-6, 7-8 ಎಂದು ಕ್ರಿಂಪ್ ಮಾಡಿಬಿಡುತ್ತಾರೆ. ಎರಡೂ ತುದಿಯಲ್ಲಿ ಹಾಗೇ ಮಾಡಿದ್ದರೆ ಟೆಸ್ಟರಿನ ಎಂಟೂ ದೀಪ ಸರಿಯಾಗೇ ಹತ್ತುತ್ತವೆ. ಆದರೆ 3 ಮತ್ತು 6 ಒಂದೇ ತಿರುಚಿದ ಜೋಡಿಯಲ್ಲಿ ಇರಬೇಕಾದದ್ದು ಬೇರೆ ಬೇರೆ ಜೋಡಿಗೆ ಹೋಗಿ, ಪಕ್ಕದ ಸದ್ದನ್ನೆಲ್ಲ ಹಿಡಿಯುತ್ತದೆ. ಲಿಂಕ್ ಇರುತ್ತದೆ, ಪ್ಯಾಕೆಟ್ ಬೀಳುತ್ತಿರುತ್ತವೆ. ಟೆಸ್ಟರನ್ನು ನಂಬದೆ ಜಾಕಿನೊಳಗಿನ ಬಣ್ಣವನ್ನು ಕಣ್ಣಿಂದ ನೋಡಿ. ಮೂರು ಫೇಸ್ ಮೋಟಾರಿನ ಕೇಬಲ್ ಜೊತೆ ಒಂದೇ ಪೈಪಿನಲ್ಲಿ ನೆಟ್‌ವರ್ಕ್ ವೈರು ಎಳೆದಿದ್ದರೆ ಬೇರೆ ಮಾಡಿ.

ಒಂದು ಓಟಕ್ಕೆ ಮಿತಿ 100 ಮೀಟರು. ಗೇಟಿನ ವೇಬ್ರಿಡ್ಜಿನಿಂದ ಆಫೀಸಿಗೆ ಅದಕ್ಕಿಂತ ಹೆಚ್ಚಿದ್ದರೆ ನಡುವೆ ಸ್ವಿಚ್ಚು ಬೇಕು. ಹಲವರು ವೈರು ಬಿಟ್ಟು ವೈಫೈ ಎಕ್ಸ್‌ಟೆಂಡರ್ ತಂದು, ಅದರ ಈಥರ್ನೆಟ್ ಪೋರ್ಟಿನಿಂದ ಹಳೆ ಕಂಪ್ಯೂಟರಿಗೆ ಕೊಡುತ್ತಾರೆ. ಕೆಲಸ ಮಾಡುತ್ತದೆ, ಆದರೆ ಡಿಎಚ್‌ಸಿಪಿ ಕೈಕೊಡುವುದು ಇಂಥಲ್ಲೇ. ಸಾದಾ ಕ್ಲೈಂಟ್ ಮೋಡಿನಲ್ಲಿ ಎಕ್ಸ್‌ಟೆಂಡರು ತನ್ನ ಮ್ಯಾಕ್ ಅಡ್ರೆಸ್ಸಿನಿಂದಲೇ (ಪ್ರತಿ ಕಾರ್ಡಿಗೂ ಇರುವ ಗುರುತಿನ ಸಂಖ್ಯೆ) ರೂಟರಿನೊಡನೆ ಮಾತಾಡುತ್ತದೆ; ರೂಟರ್ ಮಾತ್ರ ಡಿಸ್ಕವರ್ ಪ್ಯಾಕೆಟ್ಟಿನ ಒಳಗೆ ಬರೆದಿರುವ ಹಳೆ ಕಾರ್ಡಿನ ಮ್ಯಾಕಿಗೆ ನೇರ ಉತ್ತರ ಕಳಿಸುತ್ತದೆ. ಆ ಮ್ಯಾಕ್ ವೈಫೈಯಲ್ಲಿ ಯಾರದ್ದೂ ಅಲ್ಲ, ಉತ್ತರ ಅಲ್ಲೇ ಬಿದ್ದುಹೋಗುತ್ತದೆ. ಎಕ್ಸ್‌ಟೆಂಡರಿನಲ್ಲಿ ಡಬ್ಲ್ಯೂಡಿಎಸ್ ಮೋಡ್ (ಹಿಂದಿನ ಯಂತ್ರದ ಮ್ಯಾಕನ್ನು ಹಾಗೇ ದಾಟಿಸುವುದು) ಇದ್ದರೆ ಹಾಕಿ, ಇಲ್ಲವಾದರೆ ಕೈಯಿಂದ ಅಡ್ರೆಸ್ ಕೊಟ್ಟು ಮುಗಿಸಿ.

ಕಾರ್ಡು: ಮಾತಾಡುತ್ತದೆ, ಕೇಳಿಸಿಕೊಳ್ಳುವುದಿಲ್ಲ

ವೇಬ್ರಿಡ್ಜ್ ಯಂತ್ರಗಳಲ್ಲಿ ಅತಿ ಹೆಚ್ಚು ಕಾಡುವುದು ಇದು. ಐಎಸ್‌ಎ ಎಂಬ ಹಳೆ ಮಾದರಿಯ ಸ್ಲಾಟಿನ ಎನ್‌ಇ2000 ಕಾರ್ಡು ಕಾರ್ಖಾನೆಯಿಂದ ಬರುವಾಗ ಸಾಮಾನ್ಯವಾಗಿ ಐಆರ್‌ಕ್ಯೂ 3 (ಇಂಟರಪ್ಟ್, ಅಂದರೆ ಕಾರ್ಡು ಪ್ರೊಸೆಸರನ್ನು ಕರೆಯುವ ಗಂಟೆಯ ಸಂಖ್ಯೆ), ಐ/ಓ 300ರಲ್ಲಿ (ಪ್ರೊಸೆಸರ್ ಕಾರ್ಡಿನ ಜೊತೆ ಮಾತಾಡುವ ಜಾಗ) ಇರುತ್ತದೆ. ಕಂಪ್ಯೂಟರಿನ ಎರಡನೇ ಸೀರಿಯಲ್ ಪೋರ್ಟು ಕಾಮ್2 ಕೂಡ ಐಆರ್‌ಕ್ಯೂ 3ನ್ನೇ ಬಳಸುತ್ತದೆ. ಕಾಮ್1ಕ್ಕೆ ಮೌಸ್, ಕಾಮ್2ಕ್ಕೆ ತೂಕದ ಇಂಡಿಕೇಟರ್ ಎಂದರೆ ಜಗಳ ಖಚಿತ. ಪ್ಯಾಕೆಟ್ ಕಳಿಸುವುದಕ್ಕೆ ಇಂಟರಪ್ಟಿನ ಹಂಗು ಕಡಿಮೆ, ಹಾಗಾಗಿ ಡಿಸ್ಕವರ್ ಹೊರಗೆ ಹೋಗುತ್ತದೆ. ಬಂದ ಆಫರನ್ನು ಎತ್ತಿಕೊಳ್ಳಲು ಇಂಟರಪ್ಟ್ ಬೇಕೇ ಬೇಕು, ಅದು ಕಾರ್ಡಿನ ಡ್ರೈವರಿಗೆ ತಲುಪುವುದಿಲ್ಲ. ಬೆಳಿಗ್ಗೆ ಅಡ್ರೆಸ್ ಸಿಕ್ಕಿ, ತೂಕದ ಸಾಫ್ಟ್‌ವೇರ್ ತೆರೆದ ಕೂಡಲೇ ನೆಟ್‌ವರ್ಕ್ ಸತ್ತರೆ ಬೇರೆ ಸಾಕ್ಷಿ ಬೇಡ.

ಕಾರ್ಡನ್ನು 10 ಅಥವಾ 11ಕ್ಕೆ ಬದಲಿಸಿ. 16 ಬಿಟ್ ಸ್ಲಾಟಾದರೆ ಮಾತ್ರ ಈ ಎರಡೂ ಸಿಗುತ್ತವೆ. ಚಿಕ್ಕ 8 ಬಿಟ್ ಕಾರ್ಡಾದರೆ, ಸೌಂಡ್ ಕಾರ್ಡು ಇಲ್ಲದಿದ್ದಲ್ಲಿ 5 ಇಡಿ. ತೀರ ಹಳೆಯ ಕಾರ್ಡಿನಲ್ಲಿ ಜಂಪರ್ ಇರುತ್ತದೆ. ನಂತರದವಕ್ಕೆ ಕಾರ್ಡಿನ ಜೊತೆ ಬಂದ ಸೆಟಪ್ ಪ್ರೋಗ್ರಾಮನ್ನು ಶುದ್ಧ ಡಾಸ್‌ನಲ್ಲಿ, ಅಂದರೆ ವಿಂಡೋಸ್ ಒಳಗಿನ ಡಾಸ್ ಕಿಟಕಿಯಲ್ಲಿ ಅಲ್ಲ, ಓಡಿಸಬೇಕು. ಆಮೇಲೆ ಬಯಾಸಿನ ಪಿಎನ್‌ಪಿ/ಪಿಸಿಐ ಪುಟದಲ್ಲಿ ಆ ಐಆರ್‌ಕ್ಯೂವನ್ನು ಲೆಗಸಿ ಐಎಸ್‌ಎ ಎಂದು ಕಾಯ್ದಿರಿಸಿ, ಇಲ್ಲದಿದ್ದರೆ ಯಾವುದೋ ಪಿಸಿಐ ಕಾರ್ಡು (ಐಎಸ್‌ಎ ನಂತರ ಬಂದ ಮಾದರಿಯದು) ಅದನ್ನು ಕಿತ್ತುಕೊಳ್ಳುತ್ತದೆ. ಐ/ಓ ಬದಲಿಸುವಾಗ 360 ಮಾತ್ರ ಬೇಡ. ಎನ್‌ಇ2000 ಕಾರ್ಡು 360ರಿಂದ 37ಎಫ್‌ವರೆಗೆ ಜಾಗ ಹಿಡಿಯುತ್ತದೆ, ಪ್ರಿಂಟರಿನ ಎಲ್‌ಪಿಟಿ1 ಇರುವುದು 378ರಲ್ಲಿ. ಬಿಲ್ಲು ಅರ್ಧಕ್ಕೆ ನಿಲ್ಲುತ್ತದೆ. 300, 320, 340 ಇವುಗಳಲ್ಲಿ ಖಾಲಿ ಇದ್ದದ್ದನ್ನು ಇಡಿ.

ರಿಯಲ್‌ಟೆಕ್ 8139ರಂಥ ಪಿಸಿಐ ಕಾರ್ಡಿನಲ್ಲಿ ಈ ರಗಳೆ ಇಲ್ಲ, ಅಲ್ಲಿ ನೋಡಬೇಕಾದದ್ದು ಡ್ಯುಪ್ಲೆಕ್ಸ್ (ಕಳಿಸುವುದೂ ಕೇಳುವುದೂ ಒಟ್ಟಿಗೆ ನಡೆದರೆ ಫುಲ್, ಸರದಿಯಲ್ಲಿ ನಡೆದರೆ ಹಾಫ್). ಡ್ರೈವರಿನ ಅಡ್ವಾನ್ಸ್ಡ್ ಪುಟದಲ್ಲಿ ಯಾರೋ ಜಾಣರು "ವೇಗ ಹೆಚ್ಚಲಿ" ಎಂದು 100 ಫುಲ್ ಎಂದು ಕಟ್ಟಿಹಾಕಿರುತ್ತಾರೆ. ಆಗ ಕಾರ್ಡು ಮಾತುಕತೆ ನಿಲ್ಲಿಸುತ್ತದೆ, ಆಚೆಯ ಸ್ವಿಚ್ಚು ವೇಗವನ್ನು ಊಹಿಸಿ ಹಾಫ್ ಡ್ಯುಪ್ಲೆಕ್ಸಿಗೆ ಇಳಿಯುತ್ತದೆ. ಒಂದು ಕಡೆ ಫುಲ್, ಇನ್ನೊಂದು ಕಡೆ ಹಾಫ್. ಸಣ್ಣ ಪಿಂಗ್ ಸರಿ, ದೊಡ್ಡ ಫೈಲ್ ಕುಂಟುತ್ತದೆ. ಆಟೊ ಇಡಿ.

ಕಾರ್ಡನ್ನು ಹೊರತೆಗೆದಾಗ ಅದರ ಚಿನ್ನದ ಪಟ್ಟಿಗಳನ್ನು ಬಿಳಿ ರಬ್ಬರಿನಿಂದ ಹಗುರಾಗಿ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಹಾಕಿ. ಸ್ಲಾಟಿನೊಳಗೆ ಬ್ರಷ್ ಆಡಿಸಿ. ಬಾಯಿಂದ ಊದಬೇಡಿ, ಉಗುಳಿನ ತೇವಕ್ಕೆ ದೂಳು ಅಂಟಿ ಕೂರುತ್ತದೆ.

ಸತ್ತ ಸೆಲ್ಲು

ಮದರ್‌ಬೋರ್ಡಿನ ಸಿಆರ್2032 ಸೆಲ್ಲು ಹೊಸದಿದ್ದಾಗ 3 ವೋಲ್ಟು ಚಿಲ್ಲರೆ. ಮೀಟರಿನಲ್ಲಿ 2.7ಕ್ಕಿಂತ ಕೆಳಗೆ ತೋರಿಸಿದರೆ ಬದಲಿಸಿ. ಅದಕ್ಕೂ ಐಪಿ ಅಡ್ರೆಸ್ಸಿಗೂ ಎರಡು ನಂಟಿದೆ. ಒಂದು, ಬಯಾಸ್ ಮರೆತರೆ ನೀವು ಕಾಯ್ದಿರಿಸಿದ ಐಆರ್‌ಕ್ಯೂ ಕೂಡ ಹೋಗುತ್ತದೆ. ಎರಡು, ಅಡ್ರೆಸ್ ಎಷ್ಟು ಹೊತ್ತಿಗೆ ಸಿಕ್ಕಿತು, ಯಾವಾಗ ಮುಗಿಯುತ್ತದೆ ಎಂಬ ಲೆಕ್ಕವನ್ನು ಕಂಪ್ಯೂಟರ್ ತನ್ನ ಗಡಿಯಾರದಿಂದಲೇ ಇಡುತ್ತದೆ. ನಿನ್ನೆ 2025, ಇವತ್ತು 1980 ಎಂದರೆ ಆ ಲೆಕ್ಕ ಏನಾಗಬೇಕು! ಡಾಸ್ ಮೇಲೆ ಎಂಟಿಸಿಪಿ ಎಂಬ ನೆಟ್‌ವರ್ಕ್ ಸಾಫ್ಟ್‌ವೇರ್ ಓಡಿಸುವವರಿಗೆ ಇದು ನೇರವಾಗಿ ತಟ್ಟುತ್ತದೆ: ಅದರ ಡಿಎಚ್‌ಸಿಪಿ ಪ್ರೋಗ್ರಾಮು ಸಿಕ್ಕ ಅಡ್ರೆಸ್ಸನ್ನು ಸಮಯದ ಸಮೇತ ಕಾನ್ಫಿಗ್ ಫೈಲಿನಲ್ಲಿ ಬರೆದಿಡುತ್ತದೆ. ಅದೇ ಪ್ರೋಗ್ರಾಮಿಗೆ ರಿಟ್ರೈಸ್ ಮತ್ತು ಟೈಮ್ಔಟ್ ಎಂಬ ಆಯ್ಕೆಗಳಿದ್ದು, ನಿಧಾನದ ಸ್ವಿಚ್ಚಿದ್ದರೆ ಅವನ್ನು ಹೆಚ್ಚಿಸಿ ಆಟೊಎಕ್ಸೆಕ್ ಫೈಲಿನಲ್ಲೇ ಹಾಕಿಬಿಡಬಹುದು.

ರೂಟರಿನ ಕಡೆ

ಒಂದೇ ನೆಟ್‌ವರ್ಕಿನಲ್ಲಿ ಇಬ್ಬರು ಅಡ್ರೆಸ್ ಹಂಚುವವರಿರುವುದು ನಮ್ಮ ಅಂಗಡಿ-ಆಫೀಸುಗಳಲ್ಲಿ ಮಾಮೂಲು. ಇಂಟರ್‌ನೆಟ್ ಕೊಟ್ಟವರ ಡಬ್ಬಿ ಒಂದು, ನಾವು ಕೊಂಡ ವೈಫೈ ರೂಟರ್ ಇನ್ನೊಂದು, ಎರಡನ್ನೂ ಲ್ಯಾನ್ ಪೋರ್ಟಿನಿಂದ ಲ್ಯಾನ್ ಪೋರ್ಟಿಗೆ ಸೇರಿಸಲಾಗಿದೆ. ವಿನ್‌ಐಪಿಸಿಎಫ್‌ಜಿಯ ಮೋರ್ ಇನ್ಫೊ ಒತ್ತಿ ಡಿಎಚ್‌ಸಿಪಿ ಸರ್ವರ್ ಸಾಲು ನೋಡಿ. ನಾಲ್ಕು ಸಲ ರಿನ್ಯೂ ಮಾಡಿದಾಗ ಆ ಸಂಖ್ಯೆ ಬದಲಾದರೆ ಇಬ್ಬರಿದ್ದಾರೆ. ಒಂದರಲ್ಲಿ ಡಿಎಚ್‌ಸಿಪಿ ಆಫ್ ಮಾಡಿ.

ಅಡ್ರೆಸ್ ಖಾಲಿಯಾಗುವುದೂ ಉಂಟು. ಸೀಜನ್ನಿನಲ್ಲಿ ಬಂದ ಡ್ರೈವರುಗಳಿಗೆಲ್ಲ ವೈಫೈ ಪಾಸ್‌ವರ್ಡ್ ಕೊಟ್ಟರೆ ಪ್ರತಿ ಮೊಬೈಲೂ ಒಂದೊಂದು ಅಡ್ರೆಸ್ ಹಿಡಿದು ಹೋಗುತ್ತದೆ; ಲಾರಿ ರಾಯಚೂರು ದಾಟಿದರೂ ಲೀಸು (ಅಡ್ರೆಸ್ ಇಟ್ಟುಕೊಳ್ಳಲು ಕೊಟ್ಟ ಅವಧಿ) ಮುಗಿಯುವವರೆಗೆ ಅದು ಇನ್ನೊಬ್ಬರಿಗೆ ಸಿಗದು. ಲೀಸನ್ನು 2 ಗಂಟೆಗೆ ಇಳಿಸಿ, ಅಡ್ರೆಸ್ಸಿನ ಸಾಲು ಉದ್ದ ಮಾಡಿ, ಹಳೆ ಕಂಪ್ಯೂಟರಿನ ಮ್ಯಾಕಿಗೆ ಒಂದು ಅಡ್ರೆಸ್ ಕಾಯ್ದಿರಿಸಿ.

ಬೇರೆ ಕಡೆಯಿಂದ ತಂದ ಕಂಪ್ಯೂಟರ್ ಮೊದಲ ಸಲ ಮಾತ್ರ ತಡಮಾಡಿದರೆ ಅದು ಹಳೆ ಊರಿನ ಅಡ್ರೆಸ್ಸನ್ನೇ ಮತ್ತೆ ಕೇಳುತ್ತಿದೆ. "ಅದು ಇಲ್ಲಿ ನಡೆಯದು" ಎಂದು ರೂಟರ್ ಹೇಳಿದರೆ ಕ್ಷಣದಲ್ಲಿ ಮುಗಿಯುತ್ತದೆ, ಸುಮ್ಮನಿದ್ದರೆ ಕಾಯಬೇಕು. ಒಮ್ಮೆ ರಿಲೀಸ್ ಮಾಡಿದರೆ ಸಾಕು. ಲಿನಕ್ಸ್ ಯಂತ್ರದಲ್ಲಿ ಡಿಎನ್‌ಎಸ್‌ಮಾಸ್ಕ್ (ಅಡ್ರೆಸ್ ಹಂಚಬಲ್ಲ ಸಾಫ್ಟ್‌ವೇರ್) ಓಡಿಸುವವರು, ಆ ನೆಟ್‌ವರ್ಕಿನಲ್ಲಿ ಅದೊಂದೇ ಸರ್ವರ್ ಆಗಿದ್ದರೆ, ಡಿಎಚ್‌ಸಿಪಿ-ಅಥಾರಿಟೇಟಿವ್ ಎಂಬ ಸಾಲು ಸೇರಿಸಲಿ. ಈ ಮೌನ ತಪ್ಪುತ್ತದೆ. ಅದರಲ್ಲೇ ಡಿಎಚ್‌ಸಿಪಿ-ಬ್ರಾಡ್‌ಕಾಸ್ಟ್ ಎಂಬ ಇನ್ನೊಂದು ಸಾಲಿದೆ. ನೇರ ಉತ್ತರ ಕೇಳಿಸಿಕೊಳ್ಳಲಾಗದ ಹಳೆ ಕ್ಲೈಂಟಿಗೆ ಉತ್ತರವನ್ನೂ ಕೂಗಿಯೇ ಹೇಳುವಂತೆ ಮಾಡುವುದು ಅದು.

ಇನ್ನೂ ಸಿಗದಿದ್ದರೆ ಪ್ಯಾಕೆಟ್ ನೋಡಿ

ಲ್ಯಾಪ್‌ಟಾಪಿನಲ್ಲಿ ಪ್ಯಾಕೆಟ್ ತೋರಿಸುವ ವೈರ್‌ಶಾರ್ಕ್ ಸಾಫ್ಟ್‌ವೇರ್ ಹಾಕಿ ಅದೇ ಸ್ವಿಚ್ಚಿಗೆ ಸೇರಿಸಿ, ಫಿಲ್ಟರ್ ಜಾಗದಲ್ಲಿ ಡಿಎಚ್‌ಸಿಪಿ ಎಂದು ಕೊಡಿ (3.0ಕ್ಕಿಂತ ಹಳೆಯದಾದರೆ ಬೂಟ್‌ಪಿ). ಕಂಪ್ಯೂಟರ್ ಕೂಗುತ್ತಿರಬೇಕಾದ ಹೊತ್ತಿನಲ್ಲಿ ಡಿಸ್ಕವರ್ ಕಾಣದೇ ಇದ್ದರೆ ಕಾರ್ಡು, ವೈರು ಅಥವಾ ಸ್ಪ್ಯಾನಿಂಗ್ ಟ್ರೀ. ಆಫರ್ ಮೇಲೆ ಆಫರ್ ಬಂದರೂ ರಿಕ್ವೆಸ್ಟ್ ಹೊರಡದಿದ್ದರೆ ಕಂಪ್ಯೂಟರ್ ಕಿವುಡಾಗಿದೆ, ಐಆರ್‌ಕ್ಯೂ ನೋಡಿ. ರಿಕ್ವೆಸ್ಟಿಗೆ ನ್ಯಾಕ್ ("ಅದು ಆಗದು" ಎಂಬ ಉತ್ತರ) ಬಂದರೆ ಹಳೆ ಅಡ್ರೆಸ್ ಅಥವಾ ಎರಡನೇ ಸರ್ವರ್. ಡಿಸ್ಕವರ್ ಮಾತ್ರ ಕಂಡು ಆಫರ್ ಕಾಣದಿದ್ದರೆ ಆತುರದ ತೀರ್ಮಾನ ಬೇಡ: ಕೂಗು ಎಲ್ಲ ಪೋರ್ಟಿಗೂ ಹೋಗುತ್ತದೆ, ನೇರ ಉತ್ತರವನ್ನು ಸ್ವಿಚ್ಚು ಆ ಒಂದು ಪೋರ್ಟಿಗೆ ಮಾತ್ರ ಕಳಿಸುತ್ತದೆ, ನಿಮ್ಮ ಲ್ಯಾಪ್‌ಟಾಪಿಗೆ ಕಾಣುವುದಿಲ್ಲ. ಗುಜರಿಗೆ ಹಾಕಬೇಕೆಂದಿದ್ದ ಹಳೆ 10 ಎಂಬಿಪಿಎಸ್ ಹಬ್ ಇದ್ದರೆ ಈಗ ತೆಗೆಯಿರಿ. ಹಬ್ಬಿನಲ್ಲಿ ಗುಟ್ಟು ಎಂಬುದಿಲ್ಲ, ಎಲ್ಲವೂ ಎಲ್ಲರಿಗೂ ಕಾಣುತ್ತದೆ.

ಕದಲದ ಯಂತ್ರಕ್ಕೆ ಕದಲದ ಅಡ್ರೆಸ್

ತೂಕದ ಕೋಣೆಯಲ್ಲೇ ಇರುವ ಕಂಪ್ಯೂಟರಿಗೆ ಡಿಎಚ್‌ಸಿಪಿ ಬೇಕೇ ಎಂಬುದೂ ಒಂದು ಪ್ರಶ್ನೆ. ಬೇಡ ಎಂಬುದೇ ನಮ್ಮ ಅಭಿಪ್ರಾಯ, ಆದರೆ ವೈರು ಮತ್ತು ಕಾರ್ಡಿನ ದೋಷ ತೆಗೆದ ಮೇಲೆ. ಪ್ಯಾಕೆಟ್ ಬೀಳುತ್ತಿರುವ ವೈರಿನ ಮೇಲೆ ಸ್ಥಿರ ಅಡ್ರೆಸ್ ಕೊಟ್ಟರೆ ಬೂಟ್ ಬೇಗ ಆಗುತ್ತದೆ, ಬಿಲ್ಲು ನಡುವೆ ನಿಲ್ಲುತ್ತದೆ.

ರೂಟರ್ ಹಂಚುವುದು 192.168.1.100ರಿಂದ 199ರವರೆಗೆ ಎಂದಾದರೆ ಆ ಸಾಲಿನ ಹೊರಗಿನ 192.168.1.20 ಇಡಿ. ಆಫೀಸಿನ ಕಂಪ್ಯೂಟರಿಗೆ ಬಿಲ್ಲು ಕಳಿಸುವುದಷ್ಟೇ ಕೆಲಸವಾದರೆ ಗೇಟ್‌ವೇ ಜಾಗವನ್ನು ಖಾಲಿ ಬಿಡಿ: ಒಳಗಿನ ಯಂತ್ರಗಳ ಜೊತೆ ಮಾತಾಡುತ್ತದೆ, ಇಂಟರ್‌ನೆಟ್ಟಿಗೆ ಹೋಗಲಾರದು. ವಿಂಡೋಸ್ 98ಕ್ಕೆ ಭದ್ರತಾ ಅಪ್‌ಡೇಟ್ ನಿಂತದ್ದು 2006ರ ಜುಲೈನಲ್ಲಿ, ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲಿ, ಹಾಗಾಗಿ ಹೊರಗೆ ಹೋಗದಿರುವುದೇ ಕ್ಷೇಮ. ಅಡ್ರೆಸ್ ಸಿಕ್ಕಿ, ಪಿಂಗ್ ಆಗಿ, ಹೊಸ ವಿಂಡೋಸಿನ ಶೇರ್ ಫೋಲ್ಡರ್ ಮಾತ್ರ ತೆರೆಯದಿದ್ದರೆ ಅದು ಎಸ್‌ಎಂಬಿ (ವಿಂಡೋಸ್ ಫೈಲು ಹಂಚುವ ವಿಧಾನ) ಆವೃತ್ತಿಯ ತಕರಾರು, ಅದಕ್ಕೆ ಲ್ಯಾನ್ ಕಾರ್ಡು ಬಿಚ್ಚಬೇಡಿ.

ಕೊಟ್ಟ ಅಡ್ರೆಸ್, ಮಾಸ್ಕ್, ಕಾರ್ಡಿನ ಐಆರ್‌ಕ್ಯೂ, ಐ/ಓ, ಸೆಲ್ಲು ಬದಲಿಸಿದ ತಿಂಗಳು ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಸಿಪಿಯು ಡಬ್ಬಿಯ ಒಳಬದಿಗೆ ಅಂಟಿಸಿ. ಹೊರಗೆ ಅಂಟಿಸಿದರೆ ಒಂದೇ ಬೇಸಿಗೆಗೆ ಅಂಟು ಬಿಟ್ಟು ಬೀಳುತ್ತದೆ.